ಎಷ್ಟು ಚಮಚ ಪುಡಿ ಅನ್ನುವ ಮೊದಲು ಯಾವ ನೀರು ಅಂತ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಮನೆವಾರ್ತೆ ಪುಟದ ಮೂಲೆಯಲ್ಲಿ ಒಂದು ಪುಟ್ಟ ಸಲಹೆ ಬಂದಿತ್ತು. ವಾಷಿಂಗ್ ಮಷೀನಿಗೆ ಒಂದು ಸಲಕ್ಕೆ ಎರಡು ಚಮಚ ಪುಡಿ ಸಾಕು, ಅದಕ್ಕಿಂತ ಜಾಸ್ತಿ ಹಾಕಿದರೆ ದಂಡ ಅಂತ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಯಾವ ಊರಿನ ನೀರಿಗೆ ಎರಡು ಚಮಚ? ಅದು ಅಲ್ಲಿ ಇರಲಿಲ್ಲ. ಸಾರು ಎಷ್ಟಿದೆ ಅಂತ ನೋಡದೆ ಉಪ್ಪು ಇಷ್ಟೇ ಹಾಕಿ ಅಂದ ಹಾಗಾಯಿತು.

ನಾನು ತುಮಕೂರಿನಲ್ಲಿ ವಾಷಿಂಗ್ ಮಷೀನ್ ರಿಪೇರಿ ಮಾಡುವವನು. ಮೊದಲು ಒಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿದ್ದೆ, ಈಗ ಸ್ವಂತ ಕೆಲಸ. ಪೇಟೆಯ ಒಳಗೆ, ಗುಬ್ಬಿ ಕಡೆ, ಶಿರಾ ಕಡೆ, ಕರೆದಲ್ಲಿಗೆ ಹೋಗುತ್ತೇನೆ. ಜನ ಮಷೀನಿನ ಹೊರಗಡೆ ನೋಡುತ್ತಾರೆ, ನಾನು ಒಳಗಡೆ ನೋಡುತ್ತೇನೆ. ಒಳಗಡೆ ನೋಡಿದವನಿಗೆ ಆ ಮನೆಗೆ ಯಾವ ನೀರು ಬರುತ್ತದೆ, ಆ ಮನೆಯವರು ಪುಡಿ ಹೇಗೆ ಸುರಿಯುತ್ತಾರೆ ಅನ್ನುವುದು ಹೇಳದೆಯೇ ಗೊತ್ತಾಗುತ್ತದೆ.

ತುಮಕೂರಿನದ್ದು ವಿಚಿತ್ರ ಪರಿಸ್ಥಿತಿ. ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ನೀರು ಬರುತ್ತದೆ, ಅಲ್ಲಿಂದ ಪೇಟೆಯ ನಲ್ಲಿಗಳಿಗೆ. ಅದು ಮೆದು ನೀರು. ಹೊರವಲಯದ ಬಡಾವಣೆಗಳಲ್ಲಿ, ಬೇಸಿಗೆಯಲ್ಲಂತೂ ಎಷ್ಟೋ ಕಡೆ, ಬೋರ್ ನೀರು. ಇಲ್ಲಿನ ನೆಲದಡಿ ಗಟ್ಟಿ ಬಂಡೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಗಡಸು ನೀರು ಅನ್ನುವುದು ಇದಕ್ಕೇ. ಬೇಳೆ ಬೇಯದ ನೀರು, ತಲೆಗೆ ಹಾಕಿದರೆ ಕೂದಲು ಸಿಕ್ಕಾಗುವ ನೀರು ಅಂತ ನಮ್ಮ ಹೆಂಗಸರು ಬೈಯುವುದು ಇದನ್ನೇ. ಎಷ್ಟೋ ಮನೆಗಳಲ್ಲಿ ಒಂದೇ ಸಂಪಿನೊಳಗೆ ಎರಡೂ ಬೀಳುತ್ತವೆ. ನಲ್ಲಿ ಬಂದ ದಿನ ಒಂದು ನೀರು, ಬಾರದ ವಾರ ಇನ್ನೊಂದು. ನಡುವೆ ಟ್ಯಾಂಕರ್. ಅದು ಯಾವ ಬೋರಿನದ್ದೋ ದೇವರಿಗೇ ಗೊತ್ತು. ಮನೆಯವರು ಮಾತ್ರ ವರ್ಷವಿಡೀ ಅದೇ ಮುಚ್ಚಳದ ಅಳತೆಯಲ್ಲಿ ಪುಡಿ ಹಾಕುತ್ತಿರುತ್ತಾರೆ.

ಬಟ್ಟೆಗೆ ಹಾಕಿದ ಪುಡಿಗೆ ಇರುವುದು ಒಂದು ಕೆಲಸವಲ್ಲ, ಎರಡು. ಅದರ ಒಂದು ಪಾಲು ನೀರಿನಲ್ಲಿರುವ ಸುಣ್ಣದ ಅಂಶವನ್ನು ಹಿಡಿದು ಕೂರಿಸಲು ಖರ್ಚಾಗುತ್ತದೆ. ವಾಷಿಂಗ್ ಸೋಡಾ, ಜಿಯೋಲೈಟ್ ಅಂಥವು ಪುಡಿಯಲ್ಲಿ ಇರುವುದು ಇದಕ್ಕೇ. ಉಳಿದ ಪಾಲು ಕೊಳೆ ತೆಗೆಯುತ್ತದೆ. ನೀರು ಗಡಸಾದಷ್ಟೂ ಮೊದಲ ಕೆಲಸಕ್ಕೇ ಜಾಸ್ತಿ ಹೋಗುತ್ತದೆ, ಕೊಳೆಗೆ ಉಳಿಯುವುದು ಕಡಿಮೆ. ನೀರು ಮೆದುವಾಗಿದ್ದರೆ ಮೊದಲ ಕೆಲಸವೇ ಇಲ್ಲ, ಹಾಕಿದ್ದೆಲ್ಲ ಕೊಳೆಯ ಮೇಲೆ ಬೀಳುತ್ತದೆ, ಮಿಕ್ಕಿದ್ದು ಬಟ್ಟೆಯಲ್ಲಿ ಉಳಿಯುತ್ತದೆ. ಹಾಗಾಗಿ ನಲ್ಲಿ ನೀರಿನ ಮನೆಗೆ ಎರಡು ಚಮಚವೂ ಕೆಲವು ಸಲ ಜಾಸ್ತಿ. ಬೋರ್ ನೀರಿನ ಮನೆಗೆ ಅದೇ ಎರಡು ಚಮಚ ಏನಕ್ಕೂ ಸಾಲದು.

ಹಳೇ ಬಾರ್ ಸೋಪಿನ ಲೆಕ್ಕ ಹಾಕಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹದಿನೈದು ಲೀಟರಿನ ಬಕೆಟ್ಟು. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಆ ಬಕೆಟ್ಟಿನಲ್ಲಿ ಸುಣ್ಣದ ಲೆಕ್ಕದಲ್ಲಿ 6 ಗ್ರಾಂ ಇದೆ. ಅಷ್ಟು ಸುಣ್ಣ ಸುಮಾರು 35 ಗ್ರಾಂ ಸೋಪನ್ನು ಗಸಿ ಮಾಡಿ ಕೆಡಿಸುತ್ತದೆ. ಒಂದು ಗುಳ್ಳೆ ನೊರೆ ಏಳುವ ಮುಂಚೆ ಅಷ್ಟು ಸೋಪು ಹಾಳು. ಅದೇ 50 ಮಿಲಿಗ್ರಾಂ ಗಡಸುತನದ ನೀರಾದರೆ ನಾಲ್ಕೈದು ಗ್ರಾಂ ಹೋದರೆ ಮುಗಿಯಿತು. ಈ ಲೆಕ್ಕ ನನಗೆ ಮಾಡಿಕೊಟ್ಟಿದ್ದು ಬಿಎಸ್ಸಿ ಓದಿದ ಮಗಳು. ಪುಡಿಯಲ್ಲಿರುವ ಡಿಟರ್ಜೆಂಟ್ ಸೋಪಿನಷ್ಟು ಸುಲಭಕ್ಕೆ ಗಸಿ ಕಟ್ಟುವುದಿಲ್ಲ. ಅದಕ್ಕೇ ಬೋರ್ ನೀರಿನ ಊರುಗಳಲ್ಲಿ ಬಾರ್ ಸೋಪು ಹಿಂದೆ ಸರಿದು ಪುಡಿ ಇಷ್ಟು ಬೇಗ ಮನೆಮನೆ ಹೊಕ್ಕಿತು ಅಂತ ನನ್ನ ಅನಿಸಿಕೆ. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ನಿರ್ಮಾ ಶುರುವಾಯಿತು. ಬೆಲೆ, ಜಾಹೀರಾತು ಎಲ್ಲ ಸರಿ, ನೀರಿಗೂ ಅದರಲ್ಲಿ ಪಾಲಿದೆ. ಆದರೆ ಡಿಟರ್ಜೆಂಟಿಗೂ ಗಡಸು ನೀರು ಕಷ್ಟವೇ. ಗಸಿ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನೊರೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೋದ ಕಡೆಯೆಲ್ಲ ಜಗಳ ಅದರದ್ದೇ. ಶಿರಾ ಗೇಟ್ ಆಚೆ ಒಂದು ಮನೆ. ಫ್ರಂಟ್ ಲೋಡ್ ಮಷೀನ್, ಕೊಳಚೆ ವಾಸನೆ ಬರುತ್ತಿದೆ ಅಂತ ಕರೆದಿದ್ದರು. ಬಾಗಿಲಿನ ರಬ್ಬರ್ ಮಡಿಕೆ ಬಿಡಿಸಿ ನೋಡಿದರೆ ಕಪ್ಪು ಲೋಳೆ. ಡ್ರಮ್ ಹೊರಗೆ ತೆಗೆದೆ. ಡ್ರಮ್ಮಿನ ಹಿಂದೆ ಮೂರು ಕೈಗಳ ಅಲ್ಯೂಮಿನಿಯಂ ಭಾಗ ಒಂದಿರುತ್ತದೆ, ನಾವು ಸ್ಪೈಡರ್ ಅನ್ನುತ್ತೇವೆ. ಅದರ ಸಂದುಗಳಲ್ಲಿ ಬೂದು ಬಣ್ಣದ ಮುದ್ದೆ ಬೆರಳು ಹೂತುಹೋಗುವಷ್ಟು ಕೂತಿತ್ತು. ಕೆರೆದರೆ ಜಾರುತ್ತದೆ, ಒಣಗಿದ ಕಡೆ ಹಕ್ಕಳೆ. ಕರಗದೆ ಉಳಿದ ಪುಡಿ, ಮೈಯ ಎಣ್ಣೆ, ಸುಣ್ಣ, ನೂಲಿನ ಎಳೆ ಎಲ್ಲ ಸೇರಿ ಆದದ್ದು. ಅದರಡಿ ಲೋಹ ತಿಂದುಹೋಗಿ ಗುಳಿ ಬಿದ್ದಿತ್ತು. ಪುಡಿಯ ಕ್ಷಾರ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಕೈ ಮುರಿದು ಡ್ರಮ್ ಒಳಗೇ ಬಡಿದುಕೊಳ್ಳುತ್ತಿತ್ತು.

"ಎಷ್ಟು ಪುಡಿ ಹಾಕ್ತೀರಮ್ಮಾ?" ಅಂತ ಕೇಳಿದೆ.

ಸೊಸೆ ಅತ್ತೆಯ ಮುಖ ನೋಡಿದರು. ಅತ್ತೆ, "ನೊರೆ ಕಾಣೋವರೆಗೂ ಹಾಕ್ತೀವಿ ಕಣಪ್ಪಾ. ನೊರೆ ಬರದಿದ್ರೆ ಕೊಳೆ ಹೆಂಗೆ ಹೋಗುತ್ತೆ?" ಅಂದರು.

ಆ ಅಜ್ಜಿಯ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅವರು ಬಾರ್ ಸೋಪಿನ ಕಾಲದವರು. ಸೋಪಿನಲ್ಲಿ ಒಗೆಯುವಾಗ ಅವರ ಲೆಕ್ಕ ನೂರಕ್ಕೆ ನೂರು ಸರಿ. ನೀರಿನ ಸುಣ್ಣವೆಲ್ಲ ಮುಗಿದ ಮೇಲೆಯೇ ಸೋಪಿಗೆ ನೊರೆ ಬರುವುದು. ನೊರೆ ಬಂತು ಅಂದರೆ ನೀರು ಸೋತಿತು, ಇನ್ನು ಕೊಳೆ ಹೋಗುತ್ತದೆ ಅಂತ ಅರ್ಥ. ಪುಡಿಯ ಕಾಲದಲ್ಲಿ ಆ ಅಳತೆಗೋಲು ಕೆಲಸ ಮಾಡುವುದಿಲ್ಲ. ಫ್ರಂಟ್ ಲೋಡ್ ಪುಡಿಗೆ ನೊರೆ ಏಳದಂತೆ ತಡೆಯುವ ಪದಾರ್ಥವನ್ನು ಬೇಕೆಂದೇ ಸೇರಿಸಿರುತ್ತಾರೆ. ಆ ಮಷೀನಿನಲ್ಲಿ ಬಟ್ಟೆ ಮೇಲಿಂದ ಕೆಳಗೆ ಬಿದ್ದು ಬಿದ್ದು ಒಗೆಯಬೇಕು. ನೊರೆ ತುಂಬಿದರೆ ಬಟ್ಟೆ ಬೀಳುವುದೇ ಇಲ್ಲ, ಮೆತ್ತೆಯ ಮೇಲೆ ಕೂತುಬಿಡುತ್ತದೆ. ಪಂಪು ನೀರನ್ನು ಹೊರಗೆ ಹಾಕುತ್ತದೆಯೇ ಹೊರತು ನೊರೆಯನ್ನು ಸರಿಯಾಗಿ ಎಳೆಯಲಾರದು. ಹೊಸ ಮಷೀನುಗಳು ನೊರೆ ಜಾಸ್ತಿ ಅಂತ ತಿಳಿದು ತಾವಾಗಿಯೇ ಇನ್ನೊಂದು ಸಲ ಜಾಲಿಸುತ್ತವೆ. ಆಗ ಮನೆಯವರು ಫೋನ್ ಮಾಡಿ, "ಸಾರ್, ಒಂಬತ್ತು ನಿಮಿಷ ಅಂತ ತೋರಿಸ್ತಾ ಅರ್ಧ ಗಂಟೆಯಿಂದ ಅಲ್ಲೇ ನಿಂತಿದೆ" ಅನ್ನುತ್ತಾರೆ. ಮಷೀನಿಗೆ ಏನೂ ಆಗಿರುವುದಿಲ್ಲ.

ಇದರ ಉಲ್ಟಾ ನೋಡಬೇಕಾದರೆ ತೀರ್ಥಹಳ್ಳಿ ಕಡೆ ಹೋಗಬೇಕು. ನನ್ನ ತಂಗಿಯನ್ನು ಕೊಟ್ಟಿದ್ದು ಅಲ್ಲಿಗೆ. ಅವರದ್ದು ಗುಡ್ಡದ ಒರತೆ ನೀರು. ಮಳೆ ಬಂದು ಇಳಿದದ್ದು, ಕಲ್ಲಿನ ಜತೆ ಜಾಸ್ತಿ ಹೊತ್ತು ಇರದೆ ಹೊರಗೆ ಬಂದದ್ದು. ಕೈಗೆ ಸೋಪು ಹಚ್ಚಿ ತೊಳೆದರೆ ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ತಂಗಿ ತುಮಕೂರಿನ ಅಭ್ಯಾಸದಲ್ಲಿ ಪುಡಿ ಹಾಕಿ, ಟವೆಲ್ಲೆಲ್ಲ ಅಂಟಂಟು, ಮಕ್ಕಳ ಕುತ್ತಿಗೆಯಲ್ಲಿ ನವೆ ಅಂತ ಗೋಳಾಡುತ್ತಿದ್ದಳು. ಅರ್ಧಕ್ಕಿಂತ ಕಡಿಮೆ ಹಾಕು ಅಂದೆ. ಈಗ ಅಲ್ಲಿ ಒಂದು ಪ್ಯಾಕೆಟ್ ತಂದರೆ ಮುಗಿಯುವುದೇ ಇಲ್ಲ ಅಂತ ಭಾವನ ಖುಷಿ. ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ ಅವಳ ಕೈ ತಡೆಯುವುದಿಲ್ಲ. ಚೊಗರಿನ ಕಲೆಗೆ ಪುಡಿ ಎಷ್ಟು ಸುರಿದರೂ ಅಷ್ಟೇ ಅಂತ ಹೇಳಿದರೂ ಕೇಳುವುದಿಲ್ಲ. ಅದು ಬೇರೆ ಕಥೆ.

ಹಾಗಾದರೆ ನಮ್ಮ ಮನೆಯ ನೀರು ಎಷ್ಟು ಗಡಸು ಅಂತ ತಿಳಿಯುವುದು ಹೇಗೆ? ಜನ ಇಲ್ಲಿ ಎಡವುವುದು ಟಿಡಿಎಸ್ ಮೀಟರಿನಲ್ಲಿ. ಫಿಲ್ಟರ್ ಮಾರುವವರು ಪೆನ್ನಿನಂಥದ್ದನ್ನು ನೀರಿಗೆ ಅದ್ದಿ ಒಂದು ಸಂಖ್ಯೆ ತೋರಿಸಿ ಹೆದರಿಸುತ್ತಾರಲ್ಲ, ಅದು. ಆ ಮೀಟರು ನೀರಿನಲ್ಲಿ ಕರಗಿದ ಎಲ್ಲ ಉಪ್ಪುಗಳನ್ನೂ ಸೇರಿಸಿ ಒಂದು ಅಂದಾಜು ಕೊಡುತ್ತದೆ. ಅಡುಗೆ ಉಪ್ಪು ಕರಗಿಸಿದರೂ ಸಂಖ್ಯೆ ಏರುತ್ತದೆ, ಆದರೆ ಅಡುಗೆ ಉಪ್ಪು ಗಡಸುತನ ಅಲ್ಲ. ಅಪಾರ್ಟ್‌ಮೆಂಟಿನವರು ವಾಟರ್ ಸಾಫ್ಟನರ್ ಹಾಕಿಸಿ, ಮೀಟರು ಇಟ್ಟು ನೋಡಿ, ಟಿಡಿಎಸ್ ಇಳಿದೇ ಇಲ್ಲ, ಮೋಸ ಮಾಡಿದರು ಅಂತ ಗಲಾಟೆ ಮಾಡಿದ್ದನ್ನು ಕಂಡಿದ್ದೇನೆ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಗಡಸುತನ ಹೋಗುತ್ತದೆ, ಟಿಡಿಎಸ್ ಹಾಗೇ ಇರುತ್ತದೆ. ಸಾಫ್ಟನರ್ ಸರಿಯಾಗಿಯೇ ಇತ್ತು. ಅಳೆದದ್ದು ಬೇರೆಯದನ್ನು.

ಗಡಸುತನ ಅಳೆಯಲು ಅಗ್ಗದ ದಾರಿ ಅಕ್ವೇರಿಯಂ ಅಂಗಡಿ. ಮೀನು ಸಾಕುವವರಿಗೆ ಇದು ಬೇಕೇ ಬೇಕು, ಹಾಗಾಗಿ ಅಲ್ಲಿ ಹನಿ ಹಾಕುವ ಚಿಕ್ಕ ಕಿಟ್ಟು ಸಿಗುತ್ತದೆ. ಶೀಶೆಗೆ ಗುರುತಿನವರೆಗೆ ನೀರು ತುಂಬಿ, ಬಣ್ಣ ತಿರುಗುವವರೆಗೆ ಒಂದೊಂದೇ ಹನಿ ಹಾಕಿ ಕುಲುಕುವುದು. ಸಾಮಾನ್ಯವಾಗಿ ಒಂದು ಹನಿ ಅಂದರೆ ಒಂದು ಜರ್ಮನ್ ಡಿಗ್ರಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಾನು ಒಂದನ್ನು ಟೂಲ್ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ಹೇಮಾವತಿ ನೀರಿಗೆ ಐದಾರು ಹನಿಗೇ ಬಣ್ಣ ತಿರುಗಿದ್ದನ್ನು ನೋಡಿದ್ದೇನೆ. ಹೊರವಲಯದ ಬೋರ್ ನೀರಿಗೆ ಇಪ್ಪತ್ತು ದಾಟಿದರೂ ಬಣ್ಣ ಜಪ್ಪಯ್ಯ ಅನ್ನದಿದ್ದಾಗ ಮನೆಯವರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮಾತಿನಲ್ಲಿ ಹೇಳಿದರೆ ನಂಬದವರು ಹನಿ ಎಣಿಸಿದರೆ ನಂಬುತ್ತಾರೆ.

ಕಿಟ್ಟೂ ಬೇಡ ಅನ್ನುವವರಿಗೆ ಬಾಟಲಿ ಇದೆ. ಒಂದೇ ಥರದ ಎರಡು ಖಾಲಿ ಬಾಟಲಿ. ಒಂದಕ್ಕೆ ಮಳೆ ನೀರೋ, ಫಿಲ್ಟರಿನ ಆರ್‌ಒ ನೀರೋ. ಇನ್ನೊಂದಕ್ಕೆ ಒಗೆಯುವ ನೀರು. ಬಾರ್ ಸೋಪನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ, ಎರಡಕ್ಕೂ ಅಷ್ಟಷ್ಟೇ ಹನಿ ಹಾಕಿ ಅಲ್ಲಾಡಿಸಿ. ನೀಲಿ ಡಿಟರ್ಜೆಂಟ್ ಬಾರ್ ಆಗುವುದಿಲ್ಲ, ನಿಜವಾದ ಸೋಪೇ ಆಗಬೇಕು. ಮೆದು ನೀರಿನಲ್ಲಿ ನೊರೆ ನಿಲ್ಲುತ್ತದೆ, ಗಡಸು ನೀರು ಹಾಲಿನ ಹಾಗೆ ಕದಡಿ ಮೇಲೆ ಗಸಿ ತೇಲುತ್ತದೆ. ಇದು ಹೊಸದೇನಲ್ಲ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಕ್ಲಾರ್ಕ್ ಅನ್ನುವವರು 19ನೇ ಶತಮಾನದಲ್ಲೇ ಗಡಸುತನವನ್ನು ಹೀಗೆ ಸೋಪಿನಿಂದ ಅಳೆಯುವ ವಿಧಾನ ಮಾಡಿಟ್ಟಿದ್ದರು ಅಂತ ಮಗಳು ಹೇಳಿದಳು. ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷಾ ಕಿಟ್ಟು ಗ್ರಾಮ ಪಂಚಾಯಿತಿಗೆ ಬಂದಿರುತ್ತದೆ, ಕೆಲವು ಹೆಂಗಸರಿಗೆ ತರಬೇತಿಯೂ ಆಗಿರುತ್ತದೆ. ಗಡಸುತನ ಅದರಲ್ಲೂ ನೋಡಬಹುದು. ಕೇಳಿದರೆ ಮಾಡಿಕೊಡುತ್ತಾರೆ, ಕೇಳುವವರು ಬೇಕು ಅಷ್ಟೇ.

ಸಂಖ್ಯೆ ಸಿಕ್ಕಿದ ಮೇಲೆ ಇನ್ನೊಂದು ಗೊಂದಲ. ಕುಡಿಯುವ ನೀರಿನ ಭಾರತೀಯ ಮಾನದಂಡ, ಅಂದರೆ ಐಎಸ್ 10500, ಗಡಸುತನಕ್ಕೆ 200 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು ಅನ್ನುತ್ತದೆ. ಜನ ಲ್ಯಾಬ್ ರಿಪೋರ್ಟು ನೋಡಿ, ನಮ್ಮದು 450, ಮಿತಿಯೊಳಗೇ ಇದೆ, ನೀರು ಚೆನ್ನಾಗಿದೆ ಅಂತ ನನಗೆ ತೋರಿಸುತ್ತಾರೆ. ಅದು ಕುಡಿಯುವವರ ಲೆಕ್ಕ ಸ್ವಾಮೀ. ಬಟ್ಟೆಯ ಲೆಕ್ಕದಲ್ಲಿ 250 ದಾಟಿದರೇ ಗಡಸು ನೀರು. ಕುಡಿದರೆ ಏನೂ ಆಗದ ನೀರು ಹೀಟರಿನ ಕೊಳವೆ ಮೇಲೆ ಬಿಳಿ ಚಿಪ್ಪು ಕಟ್ಟುತ್ತದೆ, ಬನಿಯನ್ನನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ.

ಈಗ ಅಳತೆ. ನನ್ನ ಗಿರಾಕಿಗಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ. ಪ್ಯಾಕೆಟ್ಟಿನ ಹಿಂದೆ ಬರೆದ ಅಳತೆಯನ್ನು ಮಧ್ಯಮ ನೀರಿಗೆ ಅಂತ ಇಟ್ಟುಕೊಳ್ಳಿ, ಅಂದರೆ 150ರಿಂದ 250. ಗಡಸುತನ 100ರೊಳಗೆ ಇದ್ದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ಸಾಕು. ಆಫೀಸಿಗೆ ಒಂದು ದಿನ ಹಾಕಿ ಬಿಚ್ಚಿದ ಬಟ್ಟೆಯಾದರೆ ಅರ್ಧವೇ ಸಾಕು. 300 ದಾಟಿದರೆ ಒಂದೂಕಾಲು, ಅಬ್ಬಬ್ಬಾ ಅಂದರೆ ಒಂದೂವರೆ. ಅಲ್ಲಿಂದ ಮೇಲೆ ಪುಡಿ ಏರಿಸುತ್ತಾ ಹೋಗಬೇಡಿ. ದುಬಾರಿ ಪುಡಿಯನ್ನು ಸುಣ್ಣ ಹಿಡಿಯುವ ಕೂಲಿಗೆ ಯಾಕೆ ಹಚ್ಚುತ್ತೀರಿ? ಆ ಕೆಲಸಕ್ಕೆ ವಾಷಿಂಗ್ ಸೋಡಾ ಇದೆ, ದಿನಸಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಬಕೆಟ್ ಬೋರ್ ನೀರಿಗೆ ಒಂದು ದೊಡ್ಡ ಚಮಚ, ಮೊದಲು ಅದನ್ನು ಕರಗಿಸಿ, ಸ್ವಲ್ಪ ಬಿಟ್ಟು ಪುಡಿ ಹಾಕಿ. ವಾಷಿಂಗ್ ಸೋಡಾ ಹಾಕಿ ಪ್ರಯೋಜನವಿಲ್ಲ ಅಂದವರ ಜತೆ ಮಾತಾಡಿದರೆ ಗೊತ್ತಾಗುತ್ತದೆ, ಅವರು ಡಬ್ಬಿ ಬದಲಿಸಿಕೊಂಡು ಅಡುಗೆ ಸೋಡಾ ಹಾಕಿರುತ್ತಾರೆ. ರೇಷ್ಮೆಗೆ, ಉಣ್ಣೆಗೆ ವಾಷಿಂಗ್ ಸೋಡಾ ಬೇಡವೇ ಬೇಡ. ಬರಿಗೈಯಲ್ಲಿ ಕಲಸಿದರೆ ಚರ್ಮ ಸುಲಿಯುತ್ತದೆ. ಅದು ಹಿಡಿದ ಸುಣ್ಣ ಬಟ್ಟೆಯ ಮೇಲೇ ಸ್ವಲ್ಪ ಕೂರುತ್ತದೆ ಅನ್ನುವುದೂ ನಿಜ, ಆದ್ದರಿಂದ ಜಾಲಿಸುವಾಗ ಜಿಪುಣತನ ಮಾಡಬಾರದು. ಜಾಲಿಸಲು ನಲ್ಲಿ ನೀರು ಸಿಕ್ಕರೆ ಅದನ್ನೇ ಬಳಸಿ.

ಚಮಚದ ಮೇಲೂ ನನಗೆ ನಂಬಿಕೆ ಇಲ್ಲ. ಒಂದು ಪುಡಿ ಹಗುರ, ಒಂದು ಪುಡಿ ಭಾರ, ಒಬ್ಬರ ಚಮಚ ಮಟ್ಟ, ಇನ್ನೊಬ್ಬರದ್ದು ಗೋಪುರ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಲ ಗ್ರಾಂ ತೂಗಿ, ಒಂದು ಹಳೇ ಲೋಟಕ್ಕೆ ಗೆರೆ ಹಾಕಿಟ್ಟುಕೊಳ್ಳಿ. ಬಟ್ಟೆ ಅರ್ಧ ಹಾಕಿದರೆ ಪುಡಿಯೂ ಅರ್ಧ ಅನ್ನುವ ಲೆಕ್ಕ ಬೋರ್ ನೀರಿನ ಟಾಪ್ ಲೋಡಿನಲ್ಲಿ ತಪ್ಪುತ್ತದೆ. ಕೊಳೆ ಬಟ್ಟೆಯ ಜತೆ ಕಡಿಮೆಯಾಗುತ್ತದೆ, ಸುಣ್ಣ ನೀರಿನ ಜತೆ. ನೀರಿನ ಮಟ್ಟ ಇಳಿಸದೆ ಬಟ್ಟೆ ಮಾತ್ರ ಇಳಿಸಿದರೆ ಸುಣ್ಣ ಅಷ್ಟೇ ಇರುತ್ತದಲ್ವಾ? ಲಿಕ್ವಿಡ್ ಬಗ್ಗೆಯೂ ಕೇಳುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಸುಣ್ಣ ಹಿಡಿಯುವ ಪದಾರ್ಥ ಪುಡಿಗಿಂತ ಕಡಿಮೆ. ನಲ್ಲಿ ನೀರಿಗೆ ಲಿಕ್ವಿಡ್ ಚೆನ್ನಾಗಿದೆ, ಬೋರ್ ನೀರಿಗೆ ಪುಡಿಯೇ ವಾಸಿ. ಬೋರಿನಲ್ಲಿ ಕಬ್ಬಿಣದ ಅಂಶ ಇದ್ದು ಬಿಳಿ ಬಟ್ಟೆ ಹಳದಿಯಾದರೆ ಪುಡಿಯಿಂದಲೂ ಆಗುವುದಿಲ್ಲ, ಬ್ಲೀಚಿನಿಂದ ಇನ್ನೂ ಕೆಡುತ್ತದೆ.

ಟವೆಲ್ ಹಪ್ಪಳದಂತಾಗಿದೆ, ಪುಡಿ ಜಾಸ್ತಿಯೋ ನೀರು ಗಡಸೋ ಅಂತ ತಿಳಿಯದಿದ್ದರೆ ಒಂದು ಉಪಾಯ. ಒಗೆದು ಒಣಗಿಸಿದ ಟವೆಲ್ಲನ್ನೇ ಉಗುರುಬೆಚ್ಚಗಿನ ನೀರಿನಲ್ಲಿ, ಏನೂ ಹಾಕದೆ, ಚೆನ್ನಾಗಿ ಆಡಿಸಿ. ನೊರೆ ಎದ್ದರೆ ಹಿಂದಿನ ಪುಡಿ ಇನ್ನೂ ಒಳಗೇ ಇದೆ, ಕಡಿಮೆ ಮಾಡಿ. ನೊರೆಯೇ ಇಲ್ಲ, ಆದರೂ ಟವೆಲ್ ಒರಟು ಅಂದರೆ ಅದು ನೀರಿನ ಕೆಲಸ. ನಾನು ಹೋದ ಮನೆಗಳಲ್ಲಿ ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ, ಯಾಕೆಂದರೆ ನೀರು ಗಡಸು ಅಂತ ಪುಡಿ ಸುರಿದು, ಅದು ಜಾಲಾಡದೆ ಉಳಿದಿರುತ್ತದೆ.

ಇಷ್ಟೆಲ್ಲ ಒಬ್ಬ ಮೆಕ್ಯಾನಿಕ್ ಮನೆಮನೆಗೆ ಹೋಗಿ ಹೇಳಬೇಕಾದ ವಿಷಯವೇ ಅಲ್ಲ. ಪ್ಯಾಕೆಟ್ಟಿನ ಮೇಲೆ ಇರಬೇಕು. ನನ್ನ ಗಿರಾಕಿಯೊಬ್ಬರ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿಯದ್ದೂ ಗಡಸು ನೀರು. ಕೆಟಲ್‌ನಲ್ಲಿ ಬಿಳಿ ಹಕ್ಕಳೆ ಅಂತ ಅವನೂ ಬೈಯುತ್ತಾನಂತೆ. ಅವನು ಅಲ್ಲಿಯ ಪುಡಿಯ ಪೆಟ್ಟಿಗೆಯ ಫೋಟೋ ಕಳಿಸಿದ. ಹಿಂಬದಿಯಲ್ಲಿ ಚೌಕದ ಕೋಷ್ಟಕ. ಒಂದು ಕಡೆ ಮೆದು, ಮಧ್ಯಮ, ಗಡಸು ನೀರು. ಇನ್ನೊಂದು ಕಡೆ ಕಡಿಮೆ ಕೊಳೆ, ಸಾಮಾನ್ಯ ಕೊಳೆ, ಜಾಸ್ತಿ ಕೊಳೆ. ಪ್ರತಿ ಚೌಕದಲ್ಲೂ ಒಂದು ಅಳತೆ. ಇದು ಕಂಪನಿಯವರ ಔದಾರ್ಯವಲ್ಲ, ಕಾನೂನು. ಯುರೋಪಿಯನ್ ಒಕ್ಕೂಟದ 2004ರ ಡಿಟರ್ಜೆಂಟ್ ನಿಯಮದಂತೆ ಮೂರೂ ಬಗೆಯ ನೀರಿಗೆ ಅಳತೆ ಅಚ್ಚು ಹಾಕಲೇಬೇಕು. ಎಷ್ಟು ಬಟ್ಟೆಗೆ ಅನ್ನುವುದೂ ಅಲ್ಲಿ ನಿಗದಿಯಾಗಿದೆ, ಮಾಮೂಲಿ ಪುಡಿಗೆ ನಾಲ್ಕೂವರೆ ಕೆಜಿ ಒಣ ಬಟ್ಟೆ. ಅಳತೆ ಲೋಟ ಕೊಟ್ಟರೆ ಅದರ ಮೇಲೂ ಗುರುತು ಇರಬೇಕು. ಜರ್ಮನಿಯಲ್ಲಿ 2007ರ ಕಾನೂನು ನೀರು ಕೊಡುವವರನ್ನೂ ಕಟ್ಟಿಹಾಕಿದೆ. ನಿಮ್ಮ ಬಡಾವಣೆಯ ನೀರು ಮೂರರಲ್ಲಿ ಯಾವ ವರ್ಗ ಅಂತ ಅವರು ಜನರಿಗೆ ತಿಳಿಸಬೇಕು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 150ರೊಳಗೆ ಮೆದು, 250ರವರೆಗೆ ಮಧ್ಯಮ, ಅದರ ಮೇಲೆ ಗಡಸು.

ನಮ್ಮ ಕಡೆ ನಾನು ನೋಡಿದ ಪ್ಯಾಕೆಟ್ಟುಗಳ ಮೇಲೆ ಬಕೆಟ್ಟಿಗೆ ಇಷ್ಟು, ಮಷೀನಿಗೆ ಇಷ್ಟು ಅಂತ ಇರುತ್ತದೆ. ಕೆಲವದರಲ್ಲಿ ಕೊಳೆ ಜಾಸ್ತಿ ಇದ್ದರೆ ಇನ್ನಷ್ಟು ಅಂತಲೂ ಇರುತ್ತದೆ. ನೀರಿನ ಮಾತು ಇದ್ದರೂ "ಗಡಸು ನೀರಾದರೆ ಹೆಚ್ಚು ಬಳಸಿ" ಅನ್ನುವ ಒಂದು ಸಾಲು. ಎಷ್ಟು ಹೆಚ್ಚು? ಮೆದು ನೀರಾದರೆ ಕಡಿಮೆ ಬಳಸಿ ಅನ್ನುವ ಸಾಲನ್ನು ನಾನಂತೂ ಕಂಡಿಲ್ಲ. ಮಾರುವವರು ಅದನ್ನು ತಾವಾಗಿ ಬರೆಯುತ್ತಾರೆ ಅಂತ ಕಾಯುವುದು ಸುಮ್ನೆ. ಒಂದೇ ರಾಜ್ಯದಲ್ಲಿ ತೀರ್ಥಹಳ್ಳಿಯ ಒರತೆಯೂ ಇದೆ, ಕೋಲಾರ, ಗದಗ, ಪಾವಗಡದ ಬೋರೂ ಇದೆ. ಬೆಂಗಳೂರಿನಲ್ಲೇ ಒಂದು ರಸ್ತೆಗೆ ಕಾವೇರಿ, ಪಕ್ಕದ ರಸ್ತೆಗೆ ಬೋರು. ಎಲ್ಲರಿಗೂ ಒಂದೇ ಚಮಚ ಅನ್ನುವುದು ಯಾವ ನ್ಯಾಯ?

ಇದು ಬರೀ ನಮ್ಮ ಜೇಬಿನ, ಟವೆಲ್ಲಿನ ವಿಷಯ ಅಲ್ಲ. ಬಟ್ಟೆಯಿಂದ ಹೋದದ್ದು ಎಲ್ಲಿಗೆ ಹೋಗುತ್ತದೆ ಅಂತ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದಾಗ ಎಲ್ಲರೂ ನೋಡಿದ್ದೇವೆ. ಮನೆಗಳ ಒಗೆತದ ನೀರು ಚರಂಡಿ ಹಿಡಿದು ಕೆರೆ ಸೇರಿ, ಸೋಪಿನ ಅಂಶ ತಳದ ಕೆಸರಿನಲ್ಲಿ ಕೂತು, ಮಳೆ ಬಂದಾಗ ಮೇಲೇಳುತ್ತದೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೇಳಿದ್ದರು. ಕಾವೇರಿ ನೀರಿನ ಮನೆಗಳಲ್ಲಿ ಬೋರ್ ನೀರಿನ ಅಳತೆಯಲ್ಲಿ ಸುರಿದ ಪುಡಿಗೂ ಅದರಲ್ಲಿ ಪಾಲು ಇದ್ದೇ ಇರುತ್ತದೆ.

ಹಾಗಾಗಿ ಎರಡು ಕೇಳಿಕೆ. ಬಟ್ಟೆ ಪುಡಿಗೆ ಮಾನದಂಡ ಮಾಡುವವರು ಪ್ಯಾಕೆಟ್ಟಿನ ಮೇಲೆ ಮೂರು ಬಗೆಯ ನೀರಿಗೆ ಮೂರು ಅಳತೆ ಕಡ್ಡಾಯ ಮಾಡಲಿ. ಗ್ರಾಂ ಲೆಕ್ಕದಲ್ಲಿ, ಕನ್ನಡದಲ್ಲಿ, ಕನ್ನಡಕ ಹಾಕದೆ ಓದುವಷ್ಟು ದಪ್ಪಕ್ಷರದಲ್ಲಿ. ಎರಡನೆಯದು, ಯಾವ ಊರಿನವರೇ ಆಗಲಿ, ನೀರು ಕೊಡುವವರು ಬಿಲ್ಲಿನ ಮೇಲೆ ಒಂದು ಸಾಲು ಸೇರಿಸಲಿ: ಈ ತಿಂಗಳು ನಿಮಗೆ ಬಂದ ನೀರಿನ ಗಡಸುತನ ಇಷ್ಟು. ಅವರ ಲ್ಯಾಬಿನಲ್ಲಿ ಹೇಗೂ ಪರೀಕ್ಷೆ ಮಾಡಿರುತ್ತಾರೆ. ನದಿ ನೀರು ನಿಲ್ಲಿಸಿ ಬೋರಿಗೆ ತಿರುಗಿಸಿದ ದಿನ ಒಂದು ಮೆಸೇಜ್ ಕಳಿಸಿದರೆ ಇನ್ನೂ ಒಳ್ಳೆಯದು.

ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಮಳೆಗಾಲದಲ್ಲಿ ಕೆಆರ್‌ಎಸ್, ಹೇಮಾವತಿ, ತುಂಗಭದ್ರಾ ಮಟ್ಟ ಎಷ್ಟು ಅಂತ ದಿನಾ ಚೌಕಟ್ಟಿನಲ್ಲಿ ಹಾಕುತ್ತೀರಿ, ನಾವೆಲ್ಲ ಮೊದಲು ಅದನ್ನೇ ಓದುತ್ತೇವೆ. ಅದೇ ಪುಟದಲ್ಲಿ ತಿಂಗಳಿಗೊಮ್ಮೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳ ನೀರಿನ ಗಡಸುತನವನ್ನೂ ಹಾಕಬಹುದೇ? ಮನೆವಾರ್ತೆ ಪುಟದವರಿಗೆ ಮುಂದಿನ ಸಲ ಎಷ್ಟು ಚಮಚ ಅಂತ ಬರೆಯಲು ಅದು ಉಪಯೋಗಕ್ಕೆ ಬರುತ್ತದೆ.

ಇಂತಿ ನಿಮ್ಮ ಓದುಗ,
ಒಬ್ಬ ವಾಷಿಂಗ್ ಮಷೀನ್ ಮೆಕ್ಯಾನಿಕ್, ತುಮಕೂರು